ಸಾಕುನಾಯಿಯನ್ನು ಕೊಂಡುಹೋಗುವ ಅಧಿಕಾರ ಯಾರಿಗಿದೆ?

"ಫಾದರ್, ನಮ್ಮ ಟೈಗರನ್ನು ಪಂಚಾಯತಿನವರು ಬಂದು ಕೊಂಡುಹೋಗ್ತಾರಂತೆ, ಹೌದಾ?"

ಭಾನುವಾರದ ಬಲಿಪೂಜೆ ಮುಗಿದ ಬಳಿಕ ಚರ್ಚ್ ಅಂಗಳದಲ್ಲಿ ಹಿರಿಯ ಬಾಯಿಯೊಬ್ಬರು ಹೀಗೆ ಕೇಳಿದಾಗ ನನ್ನಲ್ಲಿ ತಕ್ಷಣಕ್ಕೆ ಉತ್ತರವಿರಲಿಲ್ಲ. ಗಂಡ ತೀರಿಹೋಗಿ ಕೆಲವು ವರ್ಷಗಳಾಗಿವೆ. ಮಕ್ಕಳಿಬ್ಬರೂ ಗಲ್ಫಿನಲ್ಲಿದ್ದಾರೆ. ತೋಟದ ನಡುವಿನ ದೊಡ್ಡ ಮನೆಯಲ್ಲಿ ರಾತ್ರಿ ಹೊತ್ತು ಅವರ ಜೊತೆಗಿರುವುದು ಆ ನಾಯಿ ಮಾತ್ರ. ಒಂದು ಬೆಳಿಗ್ಗೆ ಗೇಟು ತೆರೆದಿತ್ತು. ನಾಯಿ ಹೊರಗೆ ಹಾರಿ, ಸೈಕಲಿನಲ್ಲಿ ಶಾಲೆಗೆ ಹೊರಟಿದ್ದ ಪಕ್ಕದ ಮನೆಯ ಹುಡುಗನ ಮೀನಖಂಡಕ್ಕೆ ಬಾಯಿ ಹಾಕಿತು. ಹುಡುಗನ ತಂದೆಯೂ ಅದೇ ವಾರ್ಡಿನವರು, ನಮ್ಮ ಪಾಲನಾ ಪರಿಷತ್ತಿನಲ್ಲಿ ಕೆಲಸ ಮಾಡಿದವರು. "ದೂರು ಕೊಟ್ಟು ನಾಯಿಯನ್ನು ಎತ್ತಿಸಿಯೇ ಬಿಡುತ್ತೇನೆ" ಎಂದು ಅವರು ಹೇಳಿದ್ದಾರೆ. ಮಗನ ಕಾಲಿನಿಂದ ರಕ್ತ ಸುರಿಯುವುದನ್ನು ಕಂಡ ತಂದೆ ಹಾಗೆ ಹೇಳಿದರೆ ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸು ಬರಲಿಲ್ಲ.

ಬಾಯಿಗೆ ಕೊಡಲಾಗದ ಉತ್ತರವನ್ನು ಹುಡುಕಲು ಕಾನೂನಿನ ಪುಸ್ತಕಗಳನ್ನು ಬಿಡಿಸಿದೆ, ತಿಳಿದ ವಕೀಲರನ್ನು ಕೇಳಿದೆ. ಹೀಗೆ ತಿಳಿದುಬಂದದ್ದನ್ನು ಓದುಗರ ಮುಂದಿಡುತ್ತಿದ್ದೇನೆ. ನಮ್ಮ ಕರಾವಳಿಯಲ್ಲಿ ನಾಯಿ ಇಲ್ಲದ ಕ್ರೈಸ್ತ ಮನೆಗಳು ಕಡಿಮೆ. ಈ ಪ್ರಶ್ನೆ ನಾಳೆ ಯಾರ ಅಂಗಳಕ್ಕೂ ಬರಬಹುದು.

ಮೊದಲು ತಿಳಿಯಬೇಕಾದದ್ದು ಇಷ್ಟು. ಕಾನೂನಿನ ಕಣ್ಣಿನಲ್ಲಿ ಸಾಕುನಾಯಿ ಮಾಲೀಕನ ಸ್ವತ್ತು. ಹೆಸರಿಟ್ಟು ಕರೆದು, ತಟ್ಟೆಯಿಂದ ಮೀನು ಹಾಕಿ ಬೆಳೆಸಿದವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಆದರೆ ಅದಕ್ಕೆ ರಕ್ಷಣೆ ಸಿಗುವುದೂ ಇದರಿಂದಲೇ. ಕಾನೂನಿನ ಅಧಿಕಾರವಿಲ್ಲದೆ ಯಾವ ವ್ಯಕ್ತಿಯ ಸ್ವತ್ತನ್ನೂ ಕಸಿದುಕೊಳ್ಳುವಂತಿಲ್ಲ ಎಂದು ನಮ್ಮ ಸಂವಿಧಾನದ 300-ಎ ವಿಧಿ ಹೇಳುತ್ತದೆ. ಆದ್ದರಿಂದ ಕಾಂಪೌಂಡಿನೊಳಗಿನ ನಾಯಿಯನ್ನು ನೆರೆಯವರ ಬಾಯಿಮಾತಿನ ಮೇಲೆ ಪಂಚಾಯತ್ ಸದಸ್ಯರಾಗಲಿ, ಫ್ಲ್ಯಾಟಿನ ಸಂಘದ ಅಧ್ಯಕ್ಷರಾಗಲಿ, ಪ್ರಾಣಿದಯಾ ಸಂಘದ ಕಾರ್ಯಕರ್ತರಾಗಲಿ ಎತ್ತಿಕೊಂಡು ಹೋಗುವಂತಿಲ್ಲ. ಬಂದವರು ಯಾರು, ಯಾವ ಕಾಯಿದೆಯ ಯಾವ ಕಲಮಿನ ಕೆಳಗೆ ಬಂದಿದ್ದಾರೆ ಎಂದು ಕೇಳುವ ಹಕ್ಕು ಮಾಲೀಕನಿಗಿದೆ. ಫ್ಲ್ಯಾಟಿನ ಸಂಘಗಳು ಬಹುಮತದ ನಿರ್ಣಯ ಮಾಡಿಯೂ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರವರಿಯ ಮಾರ್ಗಸೂಚಿಯಲ್ಲಿ ತಿಳಿಸಿದೆ.

ನಾಯಿಯ ಜಾತಿ ನೋಡಿ ಕ್ರಮ ಕೈಗೊಳ್ಳಬಹುದೇ ಎಂಬ ಪ್ರಶ್ನೆ 2024ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಆ ವರ್ಷದ ಮಾರ್ಚ್ 12ರಂದು ಕೇಂದ್ರ ಸರಕಾರದ ಪಶುಸಂಗೋಪನಾ ಇಲಾಖೆ ರಾಜ್ಯಗಳಿಗೆ ಒಂದು ಸುತ್ತೋಲೆ ಕಳುಹಿಸಿತು. ಪಿಟ್‌ಬುಲ್, ರಾಟ್‌ವೀಲರ್, ಡೋಗೊ ಅರ್ಜೆಂಟೀನೊ, ಕೇನ್ ಕೋರ್ಸೊ ಮೊದಲಾದ 23 ತಳಿಗಳು ಮನುಷ್ಯರಿಗೆ ಅಪಾಯಕಾರಿ. ಅವುಗಳ ಆಮದು, ಸಾಕಣೆ, ಮಾರಾಟಕ್ಕೆ ಪರವಾನಿಗೆ ಕೊಡಬಾರದು. ಈಗಾಗಲೇ ಮನೆಗಳಲ್ಲಿ ಇರುವವುಗಳಿಗೆ ಸಂತಾನಶಕ್ತಿ ಹರಣ ಚಿಕಿತ್ಸೆ ಮಾಡಿಸಬೇಕು ಎಂದು ಅದರಲ್ಲಿತ್ತು. ಇದ್ದ ನಾಯಿಗಳನ್ನು ಜಪ್ತಿ ಮಾಡಬೇಕೆಂದು ಸುತ್ತೋಲೆ ಹೇಳಿರಲಿಲ್ಲ. ಆದರೆ ಹಾಗೆಂದು ಸುದ್ದಿ ಹಬ್ಬಿತು. ಹೆದರಿದ ಕೆಲವರು ನಾಯಿಗಳನ್ನು ಬೀದಿಗೆ ಬಿಟ್ಟರೆಂದೂ ವರದಿಯಾಯಿತು.

ಈ ಸುತ್ತೋಲೆಯನ್ನು ಪ್ರಶ್ನಿಸಿ ಬೆಂಗಳೂರಿನಿಂದ ಅರ್ಜಿ ಬಂದಾಗ ಕರ್ನಾಟಕ ಹೈಕೋರ್ಟು ಮಾರ್ಚ್ 19ರಂದು ಅದಕ್ಕೆ ತಡೆ ನೀಡಿ, ಏಪ್ರಿಲ್ 10ರಂದು ಅದನ್ನು ರದ್ದುಪಡಿಸಿತು. ತೀರ್ಪು ನೀಡಿದವರು ನ್ಯಾಯಮೂರ್ತಿ ಎಂ. ನಾಗಪ್ರಸನ್ನ. ಈ ತಳಿಗಳು ಸಾಧು ಎಂದು ಕೋರ್ಟು ಹೇಳಲಿಲ್ಲ. ಸಂಬಂಧಪಟ್ಟವರ ಮಾತು ಕೇಳದೆ, ಕಾಯಿದೆ ಮತ್ತು ನಿಯಮಗಳು ಕೊಟ್ಟ ಅಧಿಕಾರವನ್ನು ಮೀರಿ ಇಂತಹ ನಿಷೇಧ ಹೇರಲಾಗದು. ಬೇಕಿದ್ದರೆ ಸರಿಯಾದ ಕ್ರಮದಲ್ಲಿ ಹೊಸದಾಗಿ ಮಾಡಿ ಎಂದಿತು. ಪತ್ರಿಕೆಗಳ ತಲೆಬರಹ ಓದಿದವರು "ನಾಯಿ ಗೆದ್ದಿತು" ಎಂದುಕೊಂಡರು. ನನ್ನ ಅಭಿಪ್ರಾಯದಲ್ಲಿ ಅಲ್ಲಿ ಗೆದ್ದದ್ದು, ಮನೆಯೊಳಗಿನ ವಿಷಯಕ್ಕೆ ಕೈಹಾಕುವ ಮೊದಲು ಸರಕಾರ ಕಾನೂನಿನ ದಾರಿಯಲ್ಲೇ ಬರಬೇಕು ಎಂಬ ತತ್ವ.

ಇಂಗ್ಲೆಂಡಿನಲ್ಲಿ ನರ್ಸುಗಳಾಗಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಇದರ ಇನ್ನೊಂದು ಮುಖ ಗೊತ್ತಿದೆ. ಅಲ್ಲಿ 1991ರ ಅಪಾಯಕಾರಿ ನಾಯಿಗಳ ಕಾಯಿದೆಯ ಕೆಳಗೆ ಕೆಲವು ತಳಿಗಳು ನಿಷಿದ್ಧ. ಎಕ್ಸ್‌ಎಲ್ ಬುಲ್ಲಿ ಎಂಬ ತಳಿಯೂ ಆ ಪಟ್ಟಿಗೆ ಸೇರಿ, 2024ರ ಫೆಬ್ರವರಿ 1ರಿಂದ ವಿನಾಯಿತಿ ಪತ್ರವಿಲ್ಲದೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧವಾಯಿತು. ನಾಯಿ ಯಾರನ್ನೂ ಕಚ್ಚದಿದ್ದರೂ ಪೋಲೀಸರು ಅದನ್ನು ವಶಪಡಿಸಿಕೊಳ್ಳಬಹುದು. ಆದರೆ ಅಲ್ಲಿ ಅದು ಪಾರ್ಲಿಮೆಂಟು ಮಾಡಿದ ಕಾಯಿದೆಯ ಬಲದಿಂದ. ನಮ್ಮಲ್ಲಿ ಬಂದದ್ದು ಇಲಾಖೆಯ ಒಂದು ಪತ್ರ.

ಹಾಗಾದರೆ ನಮ್ಮಲ್ಲಿ ಸಾಕುನಾಯಿಯನ್ನು ವಶಪಡಿಸಿಕೊಳ್ಳುವ ಅಧಿಕಾರವೇ ಇಲ್ಲವೇ? ಇದೆ. ನಾವು ನಿರೀಕ್ಷಿಸದ ಕಡೆಯಿಂದಲೂ ಅದು ಬರಬಹುದು.

1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ 11ನೇ ಕಲಮನ್ನು ನಾನು ಮೊದಲ ಬಾರಿ ಗಮನವಿಟ್ಟು ಓದಿದೆ. ಹೊಡೆಯುವುದು, ಹಿಂಸಿಸುವುದು ಅಪರಾಧ ಎಂಬುದು ಎಲ್ಲರಿಗೂ ಗೊತ್ತು. ಅದರ ಜೊತೆಗೆ, ಅತಿ ಗಿಡ್ಡವಾದ ಅಥವಾ ಅತಿ ಭಾರವಾದ ಸರಪಳಿಯಲ್ಲಿ ಹೊತ್ತು ಮೀರಿ ಕಟ್ಟಿಹಾಕುವುದು ಅಪರಾಧ. ಸಾಕಷ್ಟು ಆಹಾರ, ನೀರು, ನೆರಳು ಕೊಡದಿರುವುದು ಅಪರಾಧ. ಕಾರಣವಿಲ್ಲದೆ ಬೀದಿಪಾಲು ಮಾಡುವುದು ಅಪರಾಧ. ನಾಯಿಯ ಹೆಸರನ್ನೇ ಎತ್ತಿ ಕಾಯಿದೆ ಇನ್ನೂ ಒಂದು ಮಾತು ಹೇಳುತ್ತದೆ: ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಯನ್ನು ತಕ್ಕಮಟ್ಟಿಗೆ ಅಡ್ಡಾಡಿಸದೆ ಇರುವ ಮಾಲೀಕ ತಪ್ಪಿತಸ್ಥ. ಹಟ್ಟಿಯ ಮೂಲೆಯಲ್ಲಿ ಹಗಲಿಡೀ ಎರಡು ಮೊಳದ ಸರಪಳಿಯಲ್ಲಿ ನಿಲ್ಲಿಸಿ, ರಾತ್ರಿ ಕಾವಲಿಗೆಂದು ಬಿಡುವ ಪದ್ಧತಿ ನಮ್ಮೂರುಗಳಲ್ಲಿ ಎಷ್ಟು ಸಾಮಾನ್ಯ ಎಂದು ಓದುಗರಿಗೆ ಹೇಳಬೇಕಾಗಿಲ್ಲ. ಹೀಗೆ ಕಟ್ಟಿದ ನಾಯಿಗೆ ಸಿಟ್ಟು ಹೆಚ್ಚು ಎಂದು ಹಿಂದಿನವರೇ ಹೇಳುತ್ತಿದ್ದರು. ಸಿಟ್ಟು ಬರಲೆಂದೇ ಕಟ್ಟುವವರೂ ಇದ್ದಾರೆ.

ಇಂತಹ ಅಪರಾಧ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದರೆ, ಇದೇ ಕಾಯಿದೆಯ 34ನೇ ಕಲಮಿನಂತೆ ಕಾನ್‌ಸ್ಟೇಬಲ್ ದರ್ಜೆಗಿಂತ ಮೇಲಿನ ಪೋಲೀಸ್ ಅಧಿಕಾರಿ ಅಥವಾ ರಾಜ್ಯ ಸರಕಾರ ಅಧಿಕಾರ ಕೊಟ್ಟ ವ್ಯಕ್ತಿ ಪ್ರಾಣಿಯನ್ನು ಜಪ್ತಿ ಮಾಡಬಹುದು. ಜಪ್ತಿ ಮಾಡಿದ ಮೇಲೆ ಅದನ್ನು ಹತ್ತಿರದ ಮ್ಯಾಜಿಸ್ಟ್ರೇಟರ ಅಥವಾ ಪಶುವೈದ್ಯಾಧಿಕಾರಿಯ ಮುಂದೆ ಪರೀಕ್ಷೆಗೆ ಹಾಜರುಪಡಿಸಬೇಕು. ಮ್ಯಾಜಿಸ್ಟ್ರೇಟರು ಅದನ್ನು ಆರೈಕೆ ಕೇಂದ್ರಕ್ಕೆ ಕಳುಹಿಸಬಹುದು. ಅಲ್ಲಿಗೆ ಸಾಗಿಸುವ ಮತ್ತು ಸಾಕುವ ಖರ್ಚು ಮಾಲೀಕನ ತಲೆಗೇ ಬರುತ್ತದೆ.

ಜಪ್ತಿ ಬೇರೆ, ಮುಟ್ಟುಗೋಲು ಬೇರೆ ಎಂಬುದನ್ನೂ ಇಲ್ಲಿ ಹೇಳಬೇಕು. ಜಪ್ತಿ ತಾತ್ಕಾಲಿಕ; ನಾಯಿಯನ್ನು ಹಿಂದಿರುಗಿಸುವಂತೆ ಮಾಲೀಕ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ನಾಯಿಯನ್ನು ಶಾಶ್ವತವಾಗಿ ಮಾಲೀಕನಿಂದ ತಪ್ಪಿಸಲು 29ನೇ ಕಲಮು ಎರಡು ಷರತ್ತು ಇಡುತ್ತದೆ. ಅಪರಾಧ ಸಾಬೀತಾಗಬೇಕು. ಜೊತೆಗೆ, ಪ್ರಾಣಿ ಅವನ ಬಳಿಯೇ ಉಳಿದರೆ ಮತ್ತೆ ಹಿಂಸೆಗೆ ಗುರಿಯಾಗುತ್ತದೆ ಎಂಬುದಕ್ಕೆ ಸಾಕ್ಷ್ಯ ಬೇಕು. ಮೊದಲ ಅಪರಾಧಕ್ಕೆ ಇದೇ ಕಾಯಿದೆಯಲ್ಲಿ ಇರುವ ದಂಡ 10ರಿಂದ 50 ರೂಪಾಯಿ! ಒಂದು ಪ್ಲೇಟು ಗೋಳಿಬಜೆಯ ಬೆಲೆ. ಇದನ್ನು ಹೆಚ್ಚಿಸುವ ತಿದ್ದುಪಡಿಯ ಕರಡನ್ನು ಕೇಂದ್ರ 2022ರ ನವೆಂಬರಿನಲ್ಲಿ ಪ್ರಕಟಿಸಿತ್ತು. ದಂಡ ಸಣ್ಣದೆಂದು ನಗುವವರು ನಾಯಿಯೇ ಕೈತಪ್ಪಬಹುದೆಂಬುದನ್ನು ಮರೆಯುತ್ತಾರೆ.

ನಾಯಿಗೆ ನಾವು ಮಾಡುವ ಹಿಂಸೆಯ ಮಾತು ಹಾಗಿರಲಿ, ನಾಯಿಯಿಂದ ಇತರರಿಗೆ ಆಗುವ ಅಪಾಯದ ಮಾತು ಬೇರೆ. ಪಕ್ಕದ ಮನೆಯ ಹುಡುಗನ ತಂದೆಗೆ ಕಾನೂನು ಕೊಡುವ ದಾರಿ ಇದೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗದಂತೆ ಅಥವಾ ತೀವ್ರ ಗಾಯವಾಗದಂತೆ ತಕ್ಕ ಎಚ್ಚರ ವಹಿಸದೆ, ಗೊತ್ತಿದ್ದೋ ನಿರ್ಲಕ್ಷ್ಯದಿಂದಲೋ ಬಿಟ್ಟವರಿಗೆ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಹಳೆಯ ದಂಡಸಂಹಿತೆಯಲ್ಲಿ ದಂಡ 1,000 ರೂಪಾಯಿ ಇತ್ತು. ಇಲ್ಲಿ ಶಿಕ್ಷೆ ಮಾಲೀಕನಿಗೆ, ನಾಯಿಗಲ್ಲ.

ನಾಯಿಯ ಬಗ್ಗೆಯೇ ಆದೇಶ ಬೇಕಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು ಇದೆ. ಹಿಂದೆ ಇದು 133ನೇ ಕಲಮು ಆಗಿತ್ತು. ಸಾರ್ವಜನಿಕ ಉಪದ್ರವಗಳನ್ನು ನಿವಾರಿಸುವ ಈ ಕಲಮಿನಲ್ಲಿ, ಅಪಾಯಕಾರಿ ಪ್ರಾಣಿಯನ್ನು ಕೊಲ್ಲಲು, ಕೂಡಿಹಾಕಲು ಅಥವಾ ಬೇರೆ ರೀತಿಯಲ್ಲಿ ವಿಲೇವಾರಿ ಮಾಡಲು ಆದೇಶಿಸುವ ಅಧಿಕಾರ ಜಿಲ್ಲಾಧಿಕಾರಿಗೆ, ಉಪವಿಭಾಗದ ಮ್ಯಾಜಿಸ್ಟ್ರೇಟರಿಗೆ ಇದೆ. ಉಪವಿಭಾಗದ ಮ್ಯಾಜಿಸ್ಟ್ರೇಟರು ಎಂದರೆ ನಮ್ಮ ಕಡೆ ಮಂಗಳೂರು, ಪುತ್ತೂರು, ಕುಂದಾಪುರಗಳ ಎ.ಸಿ.ಗಳು. ಆದರೆ ಮೊದಲು ಬರುವುದು ಷರತ್ತಿನ ಆದೇಶ. ಒಂದೋ ಅದರಂತೆ ನಡೆಯಬೇಕು, ಇಲ್ಲವೇ ಹಾಜರಾಗಿ ಏಕೆ ನಡೆಯಲಾಗದು ಎಂದು ಹೇಳಬೇಕು. ಮಾಲೀಕನ ಮಾತು ಕೇಳಿಸಿಕೊಳ್ಳಲು ಅಲ್ಲಿ ಅವಕಾಶವಿದೆ. ಅಲ್ಲಿಗೆ ಹೋಗದೆ ಮನೆಯಲ್ಲಿ ಕುಳಿತರೆ ಆದೇಶ ಖಾಯಂ ಆಗುತ್ತದೆ. ಎ.ಸಿ. ಕಚೇರಿಯಿಂದ ಬಂದ ಕಾಗದವನ್ನು ಬೀರುವಿನಲ್ಲಿ ಇಟ್ಟು ಮರೆಯುವ ಅಭ್ಯಾಸ ನಮ್ಮವರಲ್ಲಿ ಇದೆ. ಆಸ್ತಿಯ ವಿಷಯದಲ್ಲಿ ಅದರ ಫಲವನ್ನು ಎಷ್ಟೋ ಕುಟುಂಬಗಳು ಉಂಡಿವೆ.

ನಾಯಿ ಕಚ್ಚಿದಾಗ ಅಧಿಕಾರಿಗಳು ಅದನ್ನು ಕೊಂಡುಹೋದರೆ ಏನಾಗುತ್ತದೆ ಎಂಬುದಕ್ಕೆ ಲಕ್ನೋದ ಪ್ರಕರಣ ನೆನಪಾಗುತ್ತದೆ. 2022ರ ಜುಲೈಯಲ್ಲಿ ಅಲ್ಲಿ 82 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರನ್ನು ಅವರ ಮನೆಯದೇ ಪಿಟ್‌ಬುಲ್ ಕಚ್ಚಿ ಕೊಂದಿತು. ಇಡೀ ದೇಶ ನಡುಗಿತು. ನಗರಪಾಲಿಕೆಯವರು ನಾಯಿಯನ್ನು ತಮ್ಮ ಕೇಂದ್ರಕ್ಕೆ ಒಯ್ದು ಸುಮಾರು ಎರಡು ವಾರ ನಿಗಾದಲ್ಲಿಟ್ಟರು. ಬಳಿಕ ಷರತ್ತು ಬರೆಸಿಕೊಂಡು ಅದನ್ನು ಬಿಟ್ಟುಕೊಟ್ಟರು. ಒಂದು ಜೀವ ಹೋದ ಮೇಲೂ ಹೀಗೆ ಮಾಡಿದ್ದು ಸರಿಯೇ ಎಂದು ನನಗೆ ಇಂದಿಗೂ ಖಚಿತವಿಲ್ಲ. ನಾಯಿಯನ್ನು ವಶಕ್ಕೆ ಪಡೆಯುವುದು ಅದಕ್ಕೆ ಶಿಕ್ಷೆ ಕೊಡಲಿಕ್ಕಲ್ಲ, ಗಮನಿಸಲಿಕ್ಕೆ ಎಂಬುದು ಮಾತ್ರ ಅಲ್ಲಿ ಸ್ಪಷ್ಟವಾಯಿತು.

ಗಮನಿಸುವುದು ಏಕೆಂದರೆ ರೇಬೀಸಿನ ಭಯದಿಂದ. ಮನುಷ್ಯರಿಗೆ ಬರುವ ರೇಬೀಸಿನಲ್ಲಿ 99 ಶೇಕಡದಷ್ಟು ನಾಯಿಗಳಿಂದಲೇ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು. ಕಚ್ಚಿದ ನಾಯಿಯನ್ನು 10 ದಿನ ಕಟ್ಟಿಟ್ಟು ನೋಡುವುದು ಇದಕ್ಕಾಗಿ. ಅಷ್ಟು ದಿನ ಅದು ಆರೋಗ್ಯವಾಗಿದ್ದರೆ, ಕಚ್ಚುವಾಗ ಅದರ ಜೊಲ್ಲಿನಲ್ಲಿ ರೋಗ ಇರಲಿಲ್ಲ ಎಂದು ತಿಳಿಯಬಹುದು. ಹಾಗೆಂದು ಚುಚ್ಚುಮದ್ದಿಗೆ 10 ದಿನ ಕಾಯಬಾರದು. ಗಾಯವನ್ನು 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಸಿಟ್ಟಿನಲ್ಲಿ ನಾಯಿಯನ್ನು ಹೊಡೆದು ಕೊಲ್ಲುವವರು, ಹೆದರಿಕೆಯಲ್ಲಿ ದೂರ ಬಿಟ್ಟುಬರುವವರು, ಇಬ್ಬರೂ ಕಚ್ಚಿಸಿಕೊಂಡವರಿಗೆ ಈ ನಿಗಾದ ಪ್ರಯೋಜನವನ್ನು ತಪ್ಪಿಸುತ್ತಾರೆ. ನಾಯಿಯನ್ನು ಕೊಲ್ಲುವುದು ನ್ಯಾಯ ಸಂಹಿತೆಯ 325ನೇ ಕಲಮಿನಂತೆ ಐದು ವರ್ಷಗಳವರೆಗೆ ಜೈಲು ಶಿಕ್ಷೆಗೆ ದಾರಿಯಾಗುವ ಅಪರಾಧವೂ ಹೌದು.

ಪೇಟೆಯಲ್ಲಿರುವವರಿಗೆ ಇನ್ನೊಂದು ವಿಷಯ. ನಾಯಿಗಳ ನೋಂದಣಿ ಮತ್ತು ನಿಯಂತ್ರಣದ ಅಧಿಕಾರವನ್ನು ಕಾಯಿದೆಗಳು ನಗರಪಾಲಿಕೆಗಳಿಗೆ ಕೊಟ್ಟಿವೆ. ದಿಲ್ಲಿಯ 1957ರ ಕಾಯಿದೆಯ 399ನೇ ಕಲಮಿನಲ್ಲಿ, ನೋಂದಣಿ ಇಲ್ಲದ ಅಥವಾ ಬಿಲ್ಲೆ ಕಟ್ಟದ ನಾಯಿ ಸಾರ್ವಜನಿಕ ಜಾಗದಲ್ಲಿ ಕಂಡರೆ ಹಿಡಿದು ಇಡಬಹುದು ಎಂದು ನೇರವಾಗಿಯೇ ಇದೆ. ಬೆಂಗಳೂರಿನಲ್ಲಿ 2018ರಲ್ಲಿ ಫ್ಲ್ಯಾಟಿಗೆ ಒಂದೇ ನಾಯಿ ಎಂಬ ನಿಯಮ ತರಲು ಹೊರಟು, ವಿರೋಧ ಬಂದು ಅದು ನಿಂತಿತು. ಕುತ್ತಿಗೆಪಟ್ಟಿ ಇಲ್ಲದ, ಪರವಾನಿಗೆ ಇಲ್ಲದ ನಾಯಿ ರಸ್ತೆಯಲ್ಲಿದ್ದರೆ ಹಿಡಿಯಲು ಬಂದವರಿಗೆ ಅದು ಬೀದಿನಾಯಿಯೇ. "ಅದು ನಮ್ಮದು" ಎಂದು ಆಮೇಲೆ ಓಡಿಹೋದರೆ ತೋರಿಸಲು ಕಾಗದ ಬೇಕು.

ನಮ್ಮ ಶಾಲೆಗಳು, ಆಸ್ಪತ್ರೆಗಳು, ಕಾನ್ವೆಂಟುಗಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಅಡುಗೆಮನೆಯ ಹಿಂದೆ ಅನ್ನ ತಿಂದು ಕಾಂಪೌಂಡಿನಲ್ಲೇ ಮಲಗುವ ಎರಡು ಮೂರು ನಾಯಿಗಳು ಎಲ್ಲಾ ಕಡೆ ಇವೆ. ಅವು ಯಾರದ್ದು? ಸಿಸ್ಟರ್ ಕೇಳಿದರೆ ವಾಚ್‌ಮನ್‌ನದ್ದು, ವಾಚ್‌ಮನ್ ಕೇಳಿದರೆ ಸಿಸ್ಟರದ್ದು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯ ಕೇಂದ್ರಕ್ಕೆ ಒಯ್ಯಬೇಕು, ಹಿಡಿದ ಜಾಗಕ್ಕೆ ಅವುಗಳನ್ನು ಮತ್ತೆ ಬಿಡಬಾರದು ಎಂದು ಆದೇಶಿಸಿತು. ಖಾಸಗಿ ಸಂಸ್ಥೆಗಳಿಗೂ ಇದು ಅನ್ವಯ. ಸಾಕುನಾಯಿ ಆದರೆ ಲಸಿಕೆಯ ಚೀಟಿ, ಪಟ್ಟಿ, ಹೊಣೆ ಹೊರುವ ಒಬ್ಬ ವ್ಯಕ್ತಿ ಬೇಕು. ಅದ್ಯಾವುದೂ ಇಲ್ಲದೆ ಅನ್ನ ಮಾತ್ರ ಹಾಕಿದರೆ, ಮಗುವಿಗೆ ಕಚ್ಚಿದ ದಿನ ಸಂಸ್ಥೆಯವರು ಉತ್ತರ ಹೇಳಲು ತಡವರಿಸಬೇಕಾಗುತ್ತದೆ.

ಸೆಮಿನರಿಯಲ್ಲಿ ವಿಮೋಚನಾಕಾಂಡ ಓದುವಾಗ ಹಾಯುವ ಎತ್ತಿನ ಕಾನೂನನ್ನು ನಾವು ಬೇಗ ಬೇಗ ದಾಟಿಹೋದದ್ದು ನೆನಪಿದೆ. 21ನೇ ಅಧ್ಯಾಯದ ಆ ಮಾತನ್ನು ಈಗ ಮತ್ತೆ ಓದಿದೆ. ಎತ್ತು ಹಾಯ್ದು ಮನುಷ್ಯ ಸತ್ತರೆ ಎತ್ತಿಗೆ ಸಾವು, ಮಾಲೀಕ ನಿರ್ದೋಷಿ. ಆದರೆ ಎತ್ತಿಗೆ ಮೊದಲಿನಿಂದಲೂ ಹಾಯುವ ಚಾಳಿ ಇದ್ದು, ಜನರು ಎಚ್ಚರಿಸಿದ್ದರೂ ಮಾಲೀಕ ಅದನ್ನು ಕಟ್ಟದೆ ಬಿಟ್ಟಿದ್ದರೆ, ಹೊಣೆ ಮಾಲೀಕನದೂ ಹೌದು. ಅಷ್ಟು ಹಿಂದಿನ ಕಾಲದಲ್ಲೂ ನ್ಯಾಯದ ಕಣ್ಣು ಪ್ರಾಣಿಯ ಜಾತಿಯ ಮೇಲೆ ಇರಲಿಲ್ಲ. ಮಾಲೀಕನಿಗೆ ಏನು ಗೊತ್ತಿತ್ತು, ಗೊತ್ತಿದ್ದೂ ಏನು ಮಾಡಲಿಲ್ಲ ಎಂಬುದರ ಮೇಲಿತ್ತು. ಪ್ರಾಣಿಗಳನ್ನು ಅನಗತ್ಯವಾಗಿ ನರಳಿಸುವುದು ಮಾನವ ಘನತೆಗೆ ವಿರುದ್ಧ ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ 2418ನೇ ಪರಿಚ್ಛೇದದಲ್ಲಿ ಕಲಿಸುತ್ತದೆ. ಮನುಷ್ಯರ ಕಷ್ಟಕ್ಕೆ ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದು ಸರಿಯಲ್ಲ ಎಂದೂ ಅಲ್ಲೇ ಇದೆ. ಮೊದಲ ವಾಕ್ಯ ಬಾಯಿಯ ಪರ, ಎರಡನೆಯದು ಹುಡುಗನ ತಂದೆಯ ಪರ ಎಂದು ಹೇಳುವಷ್ಟು ವಿಷಯ ಸುಲಭವಲ್ಲ.

ಬಾಯಿಯ ಬಳಿ ನಾನು ಕೇಳಿದ ಮೊದಲ ಪ್ರಶ್ನೆ, "ಟೈಗರಿಗೆ ಲಸಿಕೆ ಹಾಕಿಸಿದ್ದೀರಾ?"

"ಮರಿ ಇದ್ದಾಗ ಒಂದು ಹಾಕಿಸಿದ್ದೇವೆ ಫಾದರ್. ಅವರು ಇದ್ದಾಗ."

ಅವರು ಎಂದರೆ ಗಂಡ. ಹಾಗಾದರೆ ಆ ಚುಚ್ಚುಮದ್ದಿನ ಬಲ ಮುಗಿದು ಎಷ್ಟು ಕಾಲವಾಯಿತು? ಸಾಕುಪ್ರಾಣಿಯ ಲಸಿಕೆಯ ಹೊಣೆ ಮಾಲೀಕನದೇ ಎಂದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುತ್ತವೆ. ಪಂಚಾಯತಿನವರು ಸುಮ್ಮನೆ ಬಂದು ಕೊಂಡುಹೋಗುವಂತಿಲ್ಲ ಎಂದು ನಾನು ಬಾಯಿಗೆ ಧೈರ್ಯ ಹೇಳಿದೆ. ಆದರೆ ಹುಡುಗನ ತಂದೆ ಪೋಲೀಸ್ ಠಾಣೆಗೆ ಹೋದರೆ ಅವರ ಕಡೆಗೂ ಕಾನೂನು ಇದೆ, ಎ.ಸಿ.ಯವರಿಂದ ಕಾಗದ ಬಂದರೆ ಮರುದಿನವೇ ನನ್ನ ಬಳಿ ತನ್ನಿ ಎಂದೂ ಹೇಳಬೇಕಾಯಿತು. ಬಾಯಿ ತುಂಬಾ ಹೊತ್ತು ಮಾತನಾಡಲಿಲ್ಲ.

ಆ ಸಂಜೆ ಗುರಿಕಾರರನ್ನು ಕರೆದುಕೊಂಡು ಎರಡೂ ಮನೆಗೆ ಹೋದೆ. ಹುಡುಗನ ಆಸ್ಪತ್ರೆಯ ಖರ್ಚನ್ನು ಗಲ್ಫಿನಲ್ಲಿರುವ ಮಗ ಕೊಡುವುದೆಂದಾಯಿತು. ಗೇಟಿಗೆ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿಸಿದ್ದಾರೆ. ನಾಯಿಯನ್ನು 10 ದಿನ ನೋಡಿದ ಪಶುವೈದ್ಯರು ಬಳಿಕ ಅದಕ್ಕೆ ಲಸಿಕೆ ಚುಚ್ಚಿ ಚೀಟಿ ಕೊಟ್ಟಿದ್ದಾರೆ. ದೂರು ಇನ್ನೂ ಠಾಣೆಗೆ ಹೋಗಿಲ್ಲ. ಹೋಗುವುದಿಲ್ಲ ಎಂದೂ ಆ ತಂದೆ ಹೇಳಿಲ್ಲ. ಹುಡುಗನಿಗೆ 28ನೇ ದಿನದ ಕೊನೆಯ ಚುಚ್ಚುಮದ್ದು ಬಾಕಿ ಇದೆ.